ಅಮ್ಮನ ಜೊತೆ ಮಗನಿಗೂ ಜಾಗ ಬೇಕು: ಎರಡು ರೂಮಿಗಾಗಿ ಒಂದು ಮನವಿ

ನಮಸ್ಕಾರ.

ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ, ಹತ್ತೂವರೆ ಹೊತ್ತಿಗೆ, ಮನೆಯ ಹಿಂಸೆ ತಾಳದೆ ಹೊರಬಂದ ಹೆಂಗಸರಿಗಾಗಿ ನಾವು ನಡೆಸುವ ಆಸರೆ ಮನೆಗೆ ಮೂವರು ಬಂದರು. ತಾಯಿ, ಆರು ವರ್ಷದ ಮಗಳು, ಹದಿನಾಲ್ಕು ವರ್ಷದ ಮಗ. ತಾಯಿಯ ಕಾಲಲ್ಲಿ ಜೋಡಿಯಲ್ಲದ ಚಪ್ಪಲಿ. ಒಂದು ಆಕೆಯದು, ಇನ್ನೊಂದು ಗಂಡನದು. ಕತ್ತಲಲ್ಲಿ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೊರಟುಬಿಟ್ಟಿದ್ದರು. ಹುಡುಗನ ಬೆನ್ನಿಗೆ ಸ್ಕೂಲ್ ಬ್ಯಾಗು. ಪುಸ್ತಕಗಳನ್ನೆಲ್ಲ ಮನೆಯಲ್ಲೇ ಸುರಿದು, ತಂಗಿಯ ಬಟ್ಟೆ, ಅಮ್ಮನ ಪಾಸ್‌ಬುಕ್, ರೇಷನ್ ಕಾರ್ಡು ತುಂಬಿಕೊಂಡಿದ್ದ. ಗಣಿತದ ಪುಸ್ತಕ ಒಂದನ್ನು ಮಾತ್ರ ಬಿಟ್ಟಿರಲಿಲ್ಲ. ಸೋಮವಾರ ಟೆಸ್ಟ್ ಇತ್ತಂತೆ.

ಮುದ್ದೆ ಮುಗಿದಿತ್ತು. ಉಪ್ಪಿಟ್ಟು ಮಾಡಿ ಬಡಿಸಿದೆವು. ಅವರು ತಿನ್ನುತ್ತಿದ್ದಷ್ಟು ಹೊತ್ತೂ ನನಗೆ ಒಂದೇ ಯೋಚನೆ, ಇದನ್ನು ಹೇಗೆ ಹೇಳುವುದು ಅಂತ. ಹುಡುಗ ಒಳಗೆ ಮಲಗುವ ಹಾಗಿಲ್ಲ.

ಇದು ನಾವೇ ಮಾಡಿಕೊಂಡ ನಿಯಮ ಅಲ್ಲ. ಸರ್ಕಾರದ ನೆರವಿನಲ್ಲಿ ನಡೆಯುವ ಆಶ್ರಯ ಮನೆಗಳಲ್ಲೂ ಹನ್ನೆರಡು ದಾಟಿದ ಗಂಡುಮಕ್ಕಳನ್ನು ತಾಯಿಯ ಜೊತೆ ಇಟ್ಟುಕೊಳ್ಳುವ ರೂಢಿ ಇಲ್ಲ. ಅದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಇರುವುದು ಒಂದು ಹಾಲ್, ಎಂಟು ಮಂಚ, ಒಂದೇ ಬಚ್ಚಲು. ಗಂಡಸಿನ ಕೆಮ್ಮು ಕೇಳಿದರೂ ಎದ್ದು ಕೂರುವ ಹೆಂಗಸರು ಅಲ್ಲಿ ಮಲಗಿರುತ್ತಾರೆ. ದೀಪ ಆರಿಸಿದ ಮೇಲೂ ಎದ್ದು ಹೋಗಿ ಚಿಲಕ ಮುಟ್ಟಿ ನೋಡಿ ಬರುವವರು ಇದ್ದಾರೆ. ಅವರಿಗೆ ಹದಿನಾಲ್ಕರ ಹುಡುಗನ ಒಡೆದ ದನಿಯೂ ಗಂಡಸಿನ ದನಿಯೇ.

ಆ ರಾತ್ರಿ ಅವನನ್ನು ಹೊರಗಿನ ಆಫೀಸ್ ರೂಮಿನ ಬೆಂಚಿನ ಮೇಲೆ ಮಲಗಿಸಿದೆವು. ಮರುದಿನ ಮಕ್ಕಳ ಕಲ್ಯಾಣ ಸಮಿತಿ, ಬಾಲಕರ ಮನೆ, ಸೋದರಮಾವ ಅಂತ ಎಲ್ಲ ದಾರಿಯನ್ನೂ ತಾಯಿಯ ಮುಂದಿಟ್ಟೆವು. ಆಕೆ ತಟ್ಟೆ ತೊಳೆಯುತ್ತಾ ಕೇಳಿಸಿಕೊಂಡರು. ಮೂರನೇ ದಿನ ಬ್ಯಾಗು ತುಂಬಿಕೊಂಡರು. "ಅವನನ್ನ ಬಿಟ್ಟು ಹೆಂಗಿರ್ಲಿ ಮೇಡಂ" ಅಂದರು. ಆ ರಾತ್ರಿ ಅಪ್ಪ ಕಟ್ಟಿಗೆ ಎತ್ತಿದಾಗ ನಡುವೆ ನಿಂತಿದ್ದು ಇದೇ ಹುಡುಗ. ನಾವು ಅವನನ್ನೇ ಹೊರಗೆ ಮಲಗಿಸಿದ್ದೆವು.

(ಯಾರ ಗುರುತೂ ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಚಪ್ಪಲಿ ಮತ್ತು ಗಣಿತದ ಪುಸ್ತಕ ಹಾಗೇ ಇವೆ.)

ಈಗ ಮನವಿಯ ವಿಷಯ. ಆಸರೆ ಮನೆಯ ಮೇಲೆ ಎರಡು ರೂಮು, ಒಂದು ಬಚ್ಚಲು, ಹೊರಗಿನಿಂದಲೇ ಹತ್ತುವ ಬೇರೆ ಮೆಟ್ಟಿಲು ಕಟ್ಟಿಸಬೇಕು. ಕೆಳಗಿನವರಿಗೂ ಮೇಲಿನವರಿಗೂ ಬಾಗಿಲು ಬೇರೆ, ಅಡುಗೆ ಮನೆ ಒಂದೇ. ದೊಡ್ಡ ಮಗನಿರುವ ತಾಯಿ ಮಗನ ಜೊತೆಗೇ ಇರಬಹುದು. ಮನೆ ನಮ್ಮದೇ, ನಿವೃತ್ತ ಟೀಚರ್ ಒಬ್ಬರು ಟ್ರಸ್ಟಿಗೆ ಬರೆದುಕೊಟ್ಟಿದ್ದು. ಮೇಸ್ತ್ರಿ ಕೊಟ್ಟ ಅಂದಾಜು 9 ಲಕ್ಷ ರೂಪಾಯಿ. ನಮ್ಮ ಹತ್ತಿರ 2 ಲಕ್ಷ 75 ಸಾವಿರ ಕೂಡಿದೆ. ಉಳಿದದ್ದಕ್ಕೆ ನಿಮ್ಮ ಮುಂದೆ ಕೈ ಚಾಚಿದ್ದೇವೆ.

ಕಾನೂನು ಇದೆಯಲ್ಲ, ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಇದೆ, ಒಳ್ಳೆಯ ಕಾನೂನೇ ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಮನೆ ಗಂಡನ ಹೆಸರಲ್ಲಿರಲಿ, ಮಾವನ ಹೆಸರಲ್ಲಿರಲಿ, ಕೋರ್ಟಿನ ಆದೇಶ ಇಲ್ಲದೆ ಹೆಂಡತಿಯನ್ನು ಆಚೆ ಹಾಕುವ ಹಾಗಿಲ್ಲ. ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ಮ್ಯಾಜಿಸ್ಟ್ರೇಟ್ ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನದೊಳಗೆ ಇಡಬೇಕು, 60 ದಿನದೊಳಗೆ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಎಂದೂ ಅದರಲ್ಲೇ ಬರೆದಿದೆ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ವಕೀಲರೂ ಉಚಿತ, ಆದಾಯ ಎಷ್ಟಿದ್ದರೂ ಸರಿ.

ಆದರೆ ಆ 60 ದಿನ ಎಲ್ಲಿ ಮಲಗುವುದು? ನಾವು ನೋಡಿದ ಹಾಗೆ 60 ದಿನದಲ್ಲಿ ಮುಗಿದ ಅರ್ಜಿ ಕೈಬೆರಳಲ್ಲಿ ಎಣಿಸುವಷ್ಟು. ತವರಿನವರು ಒಂದು ವಾರ ಇಟ್ಟುಕೊಳ್ಳುತ್ತಾರೆ. ಎರಡನೇ ವಾರಕ್ಕೆ ಅತ್ತಿಗೆ ಪಾತ್ರೆ ಕುಕ್ಕಲು ಶುರು ಮಾಡುತ್ತಾರೆ. ಮೂರನೇ ವಾರಕ್ಕೆ ಊರ ಹಿರಿಯರು ಜಗಲಿ ಮೇಲೆ ಕೂತು "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎನ್ನುತ್ತಾರೆ. ಈ ಗಾದೆ ಕಟ್ಟಿದವರು ಯಾರೋ, ಉಂಡು ಮಲಗಿದ ಮೇಲೆ ಏನಾಗುತ್ತದೆ ಅಂತ ನಮ್ಮ ಮನೆಗೆ ಬಂದವರನ್ನು ಕೇಳಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ನಮ್ಮ ರಾಜ್ಯದ ಒಂದು ಲೆಕ್ಕ ಹೇಳುತ್ತೇನೆ, ಹೇಳಲು ನಾಚಿಕೆ ಆಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನ ಹಿಂಸೆ ಅನುಭವಿಸಿದ್ದೇವೆ ಎಂದವರು ಕರ್ನಾಟಕದಲ್ಲಿ ಶೇ 44.4. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಶೇ 20.6 ಇತ್ತು. ಇಡೀ ದೇಶದ ಸರಾಸರಿ ಶೇ 29.3. ಲಾಕ್‌ಡೌನ್ ಮೇಲೆ ಹಾಕಿಬಿಡೋಣ ಅಂದರೆ ಅದೂ ಆಗುವುದಿಲ್ಲ. ಕರ್ನಾಟಕದಲ್ಲಿ ಮನೆ ಮನೆ ಸುತ್ತಿ ಕೇಳಿದ್ದು 2019ರಲ್ಲಿ, ಕೊರೊನಾಗೆ ಮೊದಲು. ಹೊಡೆತ ಜಾಸ್ತಿಯಾಯಿತೋ, ಬಾಯಿ ಬಿಟ್ಟು ಹೇಳುವವರು ಜಾಸ್ತಿಯಾದರೋ, ಅವರವರ ವಾದ ಅವರವರಿಗೆ. ಎರಡೂ ಇರಬೇಕು ಎಂಬುದು ನನ್ನ ಅನಿಸಿಕೆ. ಯಾವುದೇ ಆದರೂ ರಾತ್ರಿ ಮಲಗಲು ಜಾಗ ಬೇಕಲ್ವಾ?

ನಮ್ಮ ದಿನದ ಕೆಲಸ ಬಹಳ ಸಣ್ಣ ಸಣ್ಣದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದೂರದ ಹಳ್ಳಿಗಳಿಂದಲೂ ಹೆಂಗಸರು ಕೈಯಲ್ಲಿ ಕಾಸಿಲ್ಲದೆ ಬಸ್ ಹತ್ತಿ ಬರುವಂತಾಗಿದೆ. ಅದನ್ನು ಬೈಯುವವರು ಒಮ್ಮೆ ನಮ್ಮ ಆಫೀಸಿನಲ್ಲಿ ಕೂತು ನೋಡಬೇಕು. ಆದರೆ ಜಗಳ ಆದಾಗ ಗಂಡ ಮೊದಲು ಕಿತ್ತಿಟ್ಟುಕೊಳ್ಳುವುದೇ ಫೋನು ಮತ್ತು ಆಧಾರ್ ಕಾರ್ಡು. ಕಾರ್ಡಿಲ್ಲದಿದ್ದರೆ ಟಿಕೆಟ್ ಕೊಳ್ಳಬೇಕು. ಖಾಸಗಿ ಬಸ್ಸೇ ಗತಿ ಎನ್ನುವ ಊರುಗಳಲ್ಲಂತೂ ಕಾರ್ಡಿದ್ದರೂ ಉಪಯೋಗವಿಲ್ಲ. ಹಾಗಾಗಿ ಬಂದವರಿಗೆ ಊಟ ಆದ ಮೇಲೆ ನಮ್ಮ ಮೊದಲ ಕೆಲಸ ಹೊಸ ಆಧಾರ್ ಪ್ರತಿ ತೆಗೆಸುವುದು. ಎರಡನೆಯದು ಆಸ್ಪತ್ರೆಯ ಚೀಟಿ. ಮೂರು ಸಲ ಕೈ ಮುರಿದಿದ್ದ ಒಬ್ಬರ ಹಳೆಯ ಚೀಟಿಗಳಲ್ಲಿ ಮೂರಕ್ಕೆ ಮೂರೂ "ಬಚ್ಚಲಲ್ಲಿ ಜಾರಿ ಬಿದ್ದದ್ದು" ಎಂದಿತ್ತು. ಡಾಕ್ಟರ್ ಕೇಳಿದಾಗ ಗಂಡ ಪಕ್ಕದಲ್ಲೇ ನಿಂತಿದ್ದ. ಈಗ ನಮ್ಮ ಕಾರ್ಯಕರ್ತೆಯೊಬ್ಬರು ಜೊತೆಗೆ ಹೋಗುತ್ತಾರೆ, ಹೆಂಗಸನ್ನು ಒಂಟಿಯಾಗಿ ಕೇಳಿ ಡಾಕ್ಟ್ರೇ ಎಂದು ವಿನಂತಿಸುತ್ತಾರೆ. ಆ ಒಂದು ಸಾಲು ಬದಲಾದರೆ ಕೋರ್ಟಿನಲ್ಲಿ ಕೇಸೇ ಬದಲಾಗುತ್ತದೆ.

ಮೇಲಿನ ಎರಡನೇ ರೂಮಿನ ಬಗ್ಗೆ ಟ್ರಸ್ಟಿನೊಳಗೇ ಸ್ವಲ್ಪ ವಾದ ನಡೆಯಿತು, ಅದನ್ನು ಮುಚ್ಚಿಡುವುದಿಲ್ಲ. ಮನೆಯವರು ಹೊಡೆದು ಆಚೆ ಹಾಕಿದ ಇಬ್ಬರು ಟ್ರಾನ್ಸ್ ಹೆಣ್ಣುಮಕ್ಕಳು ಹೋದ ವರ್ಷ ನಮ್ಮಲ್ಲಿಗೆ ಬಂದಿದ್ದರು. ಹಾಲ್‌ನಲ್ಲಿ ಇಟ್ಟುಕೊಳ್ಳುವ ಧೈರ್ಯ ನಮಗೂ ಆಗಲಿಲ್ಲ. ಬಸ್ ಸ್ಟ್ಯಾಂಡ್ ತನಕ ಬಿಟ್ಟು ಬಂದೆವು. ಸುಪ್ರೀಂ ಕೋರ್ಟ್ 2014ರಲ್ಲೇ ಅವರ ಗುರುತನ್ನು ಅವರೇ ಹೇಳಿಕೊಳ್ಳುವ ಹಕ್ಕನ್ನು ಒಪ್ಪಿದೆ. ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ಕೆಲಸದಲ್ಲಿ ಅವರಿಗೆ ಶೇ 1 ಮೀಸಲಾತಿ ಕೊಟ್ಟಿದೆ. ನಮಗೆ ಒಂದು ಮಂಚ ಕೊಡಲು ಆಗಲಿಲ್ಲ. ನಮ್ಮ ಹಿರಿಯ ಟ್ರಸ್ಟಿಯೊಬ್ಬರು ಆ ಸಭೆಯಲ್ಲಿ ಹಂಸಾ ಮೆಹ್ತಾ ಅವರ ಕಥೆ ತೆಗೆದರು. 1948ರ ಡಿಸೆಂಬರ್ 10ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ ಮೊದಲು "ಎಲ್ಲ ಪುರುಷರೂ" ಎಂದಿತ್ತಂತೆ. ಭಾರತದಿಂದ ಹೋಗಿದ್ದ ಹಂಸಾ ಮೆಹ್ತಾ ಪಟ್ಟು ಹಿಡಿದು "ಎಲ್ಲ ಮನುಷ್ಯರೂ" ಎಂದು ಬದಲಿಸಿದರು. "ಮನುಷ್ಯರು ಅಂದ್ಮೇಲೆ ಅವರೂ ಬಂದ್ರಲ್ಲ" ಎಂದು ಹೇಳಿ ಆ ಟ್ರಸ್ಟಿ ಕಾಫಿ ಲೋಟ ಕೆಳಗಿಟ್ಟರು. ವಾದ ಅಲ್ಲಿಗೆ ಮುಗಿಯಿತು. ಎರಡನೇ ರೂಮು ಆ ಇಬ್ಬರು ಹೆಣ್ಣುಮಕ್ಕಳಂಥವರಿಗೂ ತೆರೆದಿರುತ್ತದೆ.

ಕೊಡುವ ಬಗೆ. ಎಷ್ಟಾದರೂ ಸರಿ, ಒಂದು ಮೂಟೆ ಸಿಮೆಂಟಿನ ದುಡ್ಡಾದರೂ ಸರಿ. ಖಾತೆಯ ವಿವರ ಈ ಮನವಿಯ ಜೊತೆಗಿರುವ ಚೀಟಿಯಲ್ಲಿದೆ. ತೆರಿಗೆ ವಿನಾಯಿತಿಗೆ ಬೇಕಾದ ರಸೀದಿ ಕೊಡುತ್ತೇವೆ, ಪ್ಯಾನ್ ನಂಬರ್ ತಿಳಿಸಿ. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಬ್ಯಾಂಕಿನ ಮೂಲಕವೇ ಕಳಿಸಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಆ ವಿನಾಯಿತಿ ಇಲ್ಲ, ಆಮೇಲೆ ನಮ್ಮನ್ನು ಬೈಯಬೇಡಿ. ವಿದೇಶದಲ್ಲಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ಪಡೆಯಲು ನಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲ. ಅಂಥವರು ಊರಲ್ಲಿರುವ ಅಣ್ಣನಿಗೋ ಅಕ್ಕನಿಗೋ ಈ ಮನವಿ ಓದಿ ಹೇಳಿದರೆ ಸಾಕು.

ವಸ್ತು ಕೊಡುವವರಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹಳೆ ಸೀರೆ ಸಾಕಾಗಿದೆ, ಬೀರು ತುಂಬಿ ಮಂಚದಡಿಗೂ ಬಂದಿದೆ. ಹೊಸ ನೈಟಿ, ಹೊಸ ಒಳಉಡುಪು, ಪ್ಯಾಡು, ಬಾಚಣಿಗೆ ಕೊಡಿ. ರಾಗಿ ಯಾವತ್ತಿದ್ದರೂ ಬೇಕು. ಮತ್ತೆ, ಟ್ಯೂಬ್‌ಲೈಟಿನ ಮೇಲೆ, ಫ್ಯಾನಿನ ರೆಕ್ಕೆ ಮೇಲೆ ದಾನಿಗಳ ಹೆಸರು ಬರೆಸುವುದಿಲ್ಲ. ಹೆಸರು ಹಾಕಿದ ಮೇಲೆ ಬೆಳಕು ಎಲ್ಲಿಂದ ಬರಬೇಕು!

ಮನೆ ಯಾವ ಬೀದಿಯಲ್ಲಿದೆ ಎಂದು ಇಲ್ಲಿ ಬರೆದಿಲ್ಲ. ದಾನಿಗಳಿಗೂ ಹೇಳುವುದಿಲ್ಲ. ಮನವಿಯನ್ನು ಗಂಡಂದಿರೂ ಓದುತ್ತಾರೆ. ಲೆಕ್ಕ ನೋಡಬೇಕು ಎನ್ನುವವರು ಟ್ರಸ್ಟಿನ ಆಫೀಸಿಗೆ ಬನ್ನಿ, ಸಿಮೆಂಟಿನ ಬಿಲ್ಲಿನಿಂದ ಹಿಡಿದು ಎಲ್ಲ ತೋರಿಸುತ್ತೇವೆ. ಇದನ್ನು ಓದುತ್ತಿರುವ ನಿಮಗೇ ಸಹಾಯ ಬೇಕಿದ್ದರೆ ದೇಣಿಗೆಯ ಮಾತು ಬಿಡಿ, 181ಕ್ಕೆ ಫೋನ್ ಮಾಡಿ. ಈಗಲೇ ಅಪಾಯ ಇದ್ದರೆ 112.

ಆ ತಾಯಿ ಈಗಲೂ ಸಂತೆಯ ದಿನ ಯಾವುದೋ ಅಂಗಡಿಯವರ ಫೋನಿನಿಂದ ಮಾತಾಡುತ್ತಾರೆ. ಜಾಸ್ತಿ ಹೊತ್ತು ಮಾತಾಡುವುದಿಲ್ಲ. ಹುಡುಗ ಹತ್ತನೇ ಕ್ಲಾಸಿಗೆ ಬಂದಿದ್ದಾನೆ. ಹೋದ ವಾರ ಫೋನ್ ಮಾಡಿದಾಗ, ಮೇಲಿನ ರೂಮು ಆಯ್ತಾ ಮೇಡಂ ಎಂದು ಕೇಳಿದರು. ಸದ್ಯಕ್ಕೆ ಪಿಲ್ಲರಿನ ಕಂಬಿ ಮಾತ್ರ ನಿಂತಿದೆ ಎಂದೆ.

ಇಂತು,
ಟ್ರಸ್ಟಿನ ಕಾರ್ಯದರ್ಶಿ