ಇನ್ನೊಂದು ಬೂಟು ಎಲ್ಲಿಂದ ತರಲಿ, ಶಾಸಕರೇ?

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಶ್ರೀರಂಗಪಟ್ಟಣ ತಾಲೂಕಿನವಳು. ನಮ್ಮ ಯಜಮಾನರು ಹದಿನಾಲ್ಕು ವರ್ಷ ಹೋಮ್ ಗಾರ್ಡ್ ಆಗಿದ್ದರು. ಚುನಾವಣೆ, ಮೇಲುಕೋಟೆ ವೈರಮುಡಿ, ಕೆಆರ್‌ಎಸ್, ಎಲ್ಲಿಗೆ ಹಾಕಿದರೂ ಹೋಗುತ್ತಿದ್ದರು. ಮಗಳ ನಾಮಕರಣದ ದಿನವೂ ಖಾಕಿಯಲ್ಲೇ ಬಂದು ಊಟ ಮಾಡಿ ಹೊರಟರು.

ಮೂರು ವರ್ಷದ ಹಿಂದೆ ವಿಜಯದಶಮಿಗೆ ಮೈಸೂರಿನಲ್ಲಿ ಬಂದೋಬಸ್ತ್ ಹಾಕಿದ್ದರು. ಜಂಬೂಸವಾರಿ ಆಯ್ತು, ಬನ್ನಿಮಂಟಪದಲ್ಲಿ ಪಂಜಿನ ಕವಾಯತೂ ಆಯ್ತು. ಜನ ಕರಗಿದ ಮೇಲೆ ಬ್ಯಾರಿಕೇಡ್ ಪಕ್ಕಕ್ಕೆ ಎಳೆಯುತ್ತಿದ್ದಾಗ ಕಾರೊಂದು ಗುದ್ದಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಪರಿಹಾರಕ್ಕೆ ಅರ್ಜಿ ಹಾಕಿದೆವು. ಆ ಕಚೇರಿಯ ಹೆಸರು ಬೇಡ ಬಿಡಿ. "ಡ್ಯೂಟಿ ಹತ್ತಕ್ಕೇ ಮುಗಿದಿದೆ, ಪೆಟ್ಟು ಬಿದ್ದದ್ದು ಹತ್ತೂಕಾಲಿಗೆ" ಅಂದರು. ಹಾಗಾದರೆ ಬ್ಯಾರಿಕೇಡ್ ಎಳೆದದ್ದು ಸುಮ್ನೆ ವ್ಯಾಯಾಮಕ್ಕಾ? "ಅವರು ಸ್ವಯಂಸೇವಕರು ಕಣಮ್ಮ, ನೌಕರರಲ್ಲ" ಅಂತಲೂ ಹೇಳಿದರು. ಡ್ಯೂಟಿಗೆ ತಡವಾದಾಗ ಬೈಯುವಾಗ ಮಾತ್ರ ಇದು ಯಾರಿಗೂ ನೆನಪಾಗುತ್ತಿರಲಿಲ್ಲ.

ಆಮೇಲೆ ಒಂದು ಕಾಗದ ಬಂತು. ಪರಿಹಾರದ್ದು ಅಂದುಕೊಂಡು ದೇವರ ಮುಂದಿಟ್ಟು ಒಡೆದೆ. ಸಮವಸ್ತ್ರ, ಬೆಲ್ಟು, ಟೋಪಿ, ಒಂದು ಜೊತೆ ಬೂಟು ವಾಪಸ್ ಜಮಾ ಮಾಡಬೇಕಂತೆ. ಒಂದು ಜೊತೆ! ಬಲಗಾಲಿನ ಬೂಟನ್ನು ಆಸ್ಪತ್ರೆಯಲ್ಲೇ ಕತ್ತರಿಸಿ ತೆಗೆದಿದ್ದರು. ಓದಿ ನಮ್ಮ ಯಜಮಾನರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಈಗ ನಾನು ಕಬ್ಬಿನ ಗದ್ದೆ ಕೂಲಿಗೆ ಹೋಗುತ್ತೇನೆ. ಅವರು ಮನೆ ಮುಂದಿನ ಜಗಲಿಯಲ್ಲಿ ಕೂರುತ್ತಾರೆ.

ಹೋಮ್ ಗಾರ್ಡ್ ಕಾಯ್ದೆ 1962ರದ್ದು, ರಾಜ್ಯಕ್ಕಿನ್ನೂ ಮೈಸೂರು ಅಂತಲೇ ಹೆಸರಿದ್ದ ಕಾಲದ್ದು. 2015ರಲ್ಲಿ ಸುಪ್ರೀಂ ಕೋರ್ಟ್, ಇವರನ್ನು ಕಾಯಂ ಮಾಡಿ ಅನ್ನಲಿಲ್ಲ, ಆದರೆ ತಿಂಗಳಿಡೀ ದುಡಿದರೆ ಪೊಲೀಸರ ಕನಿಷ್ಠ ಸಂಬಳದಷ್ಟಾದರೂ ಭತ್ಯೆ ಸಿಗಬೇಕು ಅಂದಿತು. ಇದೆಲ್ಲ ನಿಮಗೆ ಗೊತ್ತಿರುವುದೇ. ದುಡಿಮೆಗೆ ಪೊಲೀಸರ ಲೆಕ್ಕ ಇರುವಾಗ ಕಾಲು ಹೋದರೆ, ಜೀವ ಹೋದರೆ ಬೇರೆ ಲೆಕ್ಕ ಯಾಕೆ?

ಡ್ಯೂಟಿಯಲ್ಲಿ ಸತ್ತ, ಅಂಗವಿಕಲರಾದ ಹೋಮ್ ಗಾರ್ಡ್‌ಗಳಿಗೆ ಪೊಲೀಸರಷ್ಟೇ ಪರಿಹಾರ ಕೊಡಿಸಿ. ಡ್ಯೂಟಿಗೆ ಹೋಗುವ, ಬರುವ ದಾರಿಯನ್ನೂ ಅದರಲ್ಲಿ ಸೇರಿಸಿ. ಸದನದಲ್ಲಿ ಕೇಳಿ. ಪೊಲೀಸರಷ್ಟೇ ಅಂತ ಬರವಣಿಗೆಯಲ್ಲಿ ಕೊಡಿಸಿ. ಪ್ರತಿ ಡಿಸೆಂಬರ್ 6ಕ್ಕೆ ಹೋಮ್ ಗಾರ್ಡ್ ದಿನಾಚರಣೆಯಲ್ಲಿ ಆಗುವ ಭಾಷಣ ಸಾಕಾಗಿದೆ.

ಎಡಗಾಲಿನ ಬೂಟು ಬಾಗಿಲ ಹಿಂದೆ ಇದೆ. ಪಾಲಿಶ್ ಮಾಡಿಟ್ಟಿದ್ದಾರೆ. ಬೇಕಿದ್ದರೆ ಯಾರನ್ನಾದರೂ ಕಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು