ದ್ವೀಪ ಪುರಾತತ್ವ: ಅಂಕ ಇಸವಿಗೋ, ವಿವೇಚನೆಗೋ?

ಮಾನ್ಯ ಸಂಪಾದಕರೇ,

ದ್ವೀಪಗಳ ಪುರಾತತ್ವವನ್ನು ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ವಿಷಯವಾಗಿ ಓದಿ, ಪರೀಕ್ಷೆ ಬರೆದವನು ನಾನು. ಆ ಕೋರ್ಸಿಗೆ ಅಂಕ ನೀಡುವ ಕ್ರಮದ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ. ನಮಗೆ 100ರಲ್ಲಿ 70 ಅಂಕಗಳು ಸೆಮಿಸ್ಟರ್ ಕೊನೆಯ ಲಿಖಿತ ಪರೀಕ್ಷೆಗೇ ಮೀಸಲಾಗಿದ್ದವು. ಯಾವ ದ್ವೀಪಕ್ಕೆ ಜನ ಯಾವಾಗ ಬಂದರು, ಯಾವ ಬಗೆಯ ಮಡಕೆ ಎಲ್ಲಿ ದೊರೆಯಿತು ಎಂಬಂಥವೇ ಹೆಚ್ಚಿನ ಪ್ರಶ್ನೆಗಳು. ಈಸ್ಟರ್ ದ್ವೀಪ ಎಂದು ಹೆಸರಾದ, ಪೆಸಿಫಿಕ್ ಸಾಗರದ ರಾಪಾ ನುಯಿಯಲ್ಲಿ ಜನವಸತಿ ಆರಂಭವಾದದ್ದು ಕ್ರಿ.ಶ. 1200ರ ಸುಮಾರಿಗೆ ಎಂದು ನಾನು ಕಾರಣಸಹಿತ ಬರೆದೆ. ಮಾದರಿ ಉತ್ತರದಲ್ಲಿ ಕ್ರಿ.ಶ. 400 ಎಂದಿತ್ತು, ನನಗೆ ಸೊನ್ನೆ ಬಂತು. ಅಂಕ ಹೋದದ್ದಕ್ಕಿಂತ, ಕೊಟ್ಟ ಕಾರಣಗಳನ್ನು ಯಾರೂ ಓದಲಿಲ್ಲವೆಂಬುದು ಇಂದಿಗೂ ನನಗೆ ನೋವು ತರುತ್ತದೆ.

ಏಕೆಂದರೆ ಈ ವಿಷಯದ ಜೀವಾಳವಿರುವುದು ಆ ಕಾರಣಗಳಲ್ಲೇ. ನೂರಾರು ವರ್ಷ ಬಾಳಿದ ಮರದ ಒಳತಿರುಳಿನ ಇದ್ದಿಲನ್ನು, ಉಳಿದಿರುವ ವಿಕಿರಣಶೀಲ ಇಂಗಾಲದಿಂದ ಕಾಲ ಅಳೆಯುವ ರೇಡಿಯೋಕಾರ್ಬನ್ ಪರೀಕ್ಷೆಗೆ ಒಡ್ಡಿದರೆ, ಒಲೆ ಉರಿಸಿದ ಕಾಲದ ಬದಲು ಆ ಒಳತಿರುಳು ಬೆಳೆದ ಕಾಲ ಸಿಗುತ್ತದೆ. ಸಮುದ್ರದ ಚಿಪ್ಪುಗಳು ಹಳೆಯ ಇಂಗಾಲವನ್ನು ಹೀರಿಕೊಂಡಿರುವುದರಿಂದ, ತಿದ್ದುಪಡಿ ಮಾಡದಿದ್ದರೆ, ನಿಜವಾದ ಕಾಲಕ್ಕಿಂತ ಸರಾಸರಿ 400 ವರ್ಷಗಳಷ್ಟು ಹಿಂದಿನ ಕಾಲವನ್ನು ತೋರಿಸುತ್ತವೆ. ಪೆಸಿಫಿಕ್ ಸಾಗರದ ದ್ವೀಪಸಮೂಹವಾದ ಪೂರ್ವ ಪಾಲಿನೇಷ್ಯಾದ 1,434 ರೇಡಿಯೋಕಾರ್ಬನ್ ಕಾಲಮಾನಗಳನ್ನು ಹೀಗೆ ಜರಡಿ ಹಿಡಿದು, ಅಲ್ಪಾಯುಷಿ ಗಿಡಗಳ ಅವಶೇಷಗಳಂಥ ನಂಬಲರ್ಹ ಮಾದರಿಗಳನ್ನಷ್ಟೇ ಉಳಿಸಿಕೊಂಡ 2011ರ ಅಧ್ಯಯನವು, ತಾಹಿತಿ ಇರುವ ಸೊಸೈಟಿ ದ್ವೀಪಗಳ ನಂತರ ಉಳಿದ ದೂರದ ದ್ವೀಪಗಳಿಗೆ ಜನ ತಲುಪಿದ್ದು ಕ್ರಿ.ಶ. 1190ರಿಂದ 1290ರ ನಡುವೆ ಎಂಬ ತೀರ್ಮಾನಕ್ಕೆ ಬಂತು. ನ್ಯೂಜಿಲೆಂಡಿನಲ್ಲಿ, ಜನರೊಂದಿಗೇ ಅಲ್ಲಿಗೆ ಬಂದ ಇಲಿಯ ಮೂಳೆಗಳಿಂದ ಸುಮಾರು 2,000 ವರ್ಷಗಳ ಹಳೆಯ ಕಾಲಮಾನ ಬಂದಿತ್ತು. ಇಲಿ ಕಡಿದ ಬೀಜಗಳನ್ನು ಪರೀಕ್ಷಿಸಿದಾಗ ಅವು ಕ್ರಿ.ಶ. 1280ರ ಸುಮಾರಿನಿಂದ ಈಚಿನವೆಂದು 2008ರಲ್ಲಿ ತಿಳಿಯಿತು. ಇಷ್ಟೆಲ್ಲ ಮಗುಚಿಬಿದ್ದ ಶಾಸ್ತ್ರದಲ್ಲಿ ಬಾಯಿಪಾಠ ಮಾಡಿದ ಇಸವಿಗೆ ಪೂರ್ಣಾಂಕ ಕೊಡುವುದು ಯಾವ ನ್ಯಾಯ?

ಒಂದು ದ್ವೀಪದ ಮೂವತ್ತು ನಲವತ್ತು ಕಾಲಮಾನಗಳನ್ನು, ಅವು ಇದ್ದಿಲಿನವೋ ಚಿಪ್ಪಿನವೋ ಬೀಜದವೋ, ಯಾವ ಪದರದಲ್ಲಿ ಸಿಕ್ಕವು ಎಂಬ ವಿವರದೊಂದಿಗೆ ವಿದ್ಯಾರ್ಥಿಯ ಕೈಗಿಟ್ಟು, ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಏಕೆ ಬಿಡುತ್ತೀರಿ ಎಂದು ಕೇಳುವ ಅಸೈನ್‌ಮೆಂಟ್ ಇರಲಿ. ಅದಕ್ಕೆ ಕನಿಷ್ಠ 30 ಅಂಕ ಸಲ್ಲಬೇಕು. ಮೊದಲ ಕರಡನ್ನು ಅಧ್ಯಾಪಕರು ಟಿಪ್ಪಣಿ ಬರೆದು ಹಿಂತಿರುಗಿಸಿ, ತಿದ್ದಿದ ಪ್ರತಿಗೆ ಅಂಕ ನೀಡಿದರೆ, ಸಾಕ್ಷ್ಯ ಕಂಡು ಅಭಿಪ್ರಾಯ ಬದಲಿಸಿಕೊಂಡವನಿಗೆ ನಷ್ಟವಾಗುವುದಿಲ್ಲ. ಗುಂಪಿನ ಯೋಜನೆಗಳಲ್ಲಂತೂ ಪ್ರತಿಯೊಬ್ಬರೂ ತಾವು ಮಾಡಿದ ಭಾಗವನ್ನು ಬೇರೆಯಾಗಿ ಬರೆದುಕೊಡುವುದು ಕಡ್ಡಾಯವಾಗಲಿ.

ಪ್ರಬಂಧದ ಪ್ರಶ್ನೆಗಳ ಬಗ್ಗೆಯೂ ಹೇಳಲೇಬೇಕು. ‘ರಾಪಾ ನುಯಿ ಜನ ತಮ್ಮ ನಾಶಕ್ಕೆ ತಾವೇ ಹೇಗೆ ಕಾರಣರಾದರು’ ಎಂಬ ಪ್ರಶ್ನೆ ಉತ್ತರವನ್ನು ಮೊದಲೇ ತೀರ್ಮಾನಿಸಿಬಿಡುತ್ತದೆ. ಅಲ್ಲಿನ 15 ಜನ ಪೂರ್ವಿಕರ ಜೀನೋಮ್‌ಗಳನ್ನು, ಅಂದರೆ ಪೂರ್ಣ ವಂಶವಾಹಿ ಮಾಹಿತಿಯನ್ನು, ಆಧರಿಸಿದ 2024ರ ಅಧ್ಯಯನದಲ್ಲಿ ಆ ‘ನಾಶ’ದ ವಾದ ಹೇಳುವ 17ನೇ ಶತಮಾನದ ಜನಸಂಖ್ಯಾ ಕುಸಿತದ ಕುರುಹು ಕಾಣಲಿಲ್ಲ. ದಾಖಲೆಗಳಲ್ಲಿ ಸ್ಪಷ್ಟವಾಗಿರುವ ದುರಂತವೆಂದರೆ, 1860ರ ದಶಕದಲ್ಲಿ ಪೆರುವಿನಿಂದ ಬಂದ ಹಡಗುಗಳು ಜನರನ್ನು ಗುಲಾಮಗಿರಿಗೆ ಹೊತ್ತೊಯ್ದದ್ದು, ಆಮೇಲೆ ಸಿಡುಬು ಹರಡಿದ್ದು. 1877ರ ಹೊತ್ತಿಗೆ ದ್ವೀಪದಲ್ಲಿ ಉಳಿದವರು 111 ಮಂದಿ. ಆ ಜನರ ಸಂತತಿ ಇಂದಿಗೂ ಅಲ್ಲಿ ಬಾಳುತ್ತಿದೆ ಎಂಬುದನ್ನು ಪ್ರಶ್ನೆ ಬರೆಯುವವರು ನೆನಪಿನಲ್ಲಿಡಬೇಕು. ಹಾಗೆಯೇ ‘ಒಂಟಿ ದ್ವೀಪ’ ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕು: ಪಪುವಾ ನ್ಯೂಗಿನಿಯ ನ್ಯೂ ಬ್ರಿಟನ್ ದ್ವೀಪದ ತಲಾಸಿಯಾ ಪ್ರದೇಶದ ಅಬ್ಸಿಡಿಯನ್ ಗಾಜುಗಲ್ಲು ಸುಮಾರು 3,000 ವರ್ಷಗಳ ಹಿಂದೆಯೇ ಪಶ್ಚಿಮದಲ್ಲಿ ಬೋರ್ನಿಯೋ, ಪೂರ್ವದಲ್ಲಿ ಫಿಜಿಯವರೆಗೆ ತಲುಪಿತ್ತು.

ಪಠ್ಯಕ್ರಮವನ್ನೇ ಬದಲಿಸಲು ವರ್ಷಗಳು ಹಿಡಿಯಬಹುದು. ಮಾದರಿ ಉತ್ತರಗಳನ್ನು ಪ್ರತಿವರ್ಷ ಹೊಸ ಸಂಶೋಧನೆಗಳೊಂದಿಗೆ ಹೋಲಿಸಿ ಪರಿಷ್ಕರಿಸುವುದಕ್ಕೆ, ಭಿನ್ನ ಇಸವಿ ಬರೆದ ಉತ್ತರಪತ್ರಿಕೆಯ ಕಾರಣಗಳನ್ನು ಓದದೆ ಅಂಕ ಕಳೆಯಬಾರದೆಂದು ಮೌಲ್ಯಮಾಪಕರಿಗೆ ಲಿಖಿತ ಸೂಚನೆ ನೀಡುವುದಕ್ಕೆ ಅಷ್ಟು ಕಾಲ ಬೇಡ. ಅಧ್ಯಯನ ಮಂಡಳಿಗಳು ಮುಂದಿನ ಪರೀಕ್ಷೆಗೆ ಮೊದಲೇ ಇದನ್ನು ಜಾರಿಗೆ ತರಬೇಕೆಂದು ವಿನಂತಿಸುತ್ತೇನೆ.

ಇತಿ,
ಪುರಾತತ್ವದ ಹಳೆಯ ವಿದ್ಯಾರ್ಥಿ