ಪ್ರಿಯ ಮಂಜ, ಏಳು ಕಮರಿ ಬೇಡ, ನಾಲ್ಕು ಸಾಕು

ಪ್ರಿಯ ಮಂಜ,

ಊರಿಂದ ಬರುವ ಅಪ್ಪ-ಅಮ್ಮನನ್ನು ಜುಲೈಯಲ್ಲಿ ಮೆಲ್ಬರ್ನಿನಿಂದ ಆಸ್ಟ್ರೇಲಿಯಾದ ನಡುಭಾಗದ ಆಲಿಸ್ ಸ್ಪ್ರಿಂಗ್ಸಿಗೆ ಕರೆದೊಯ್ಯುತ್ತೇನೆ, ಮರುಭೂಮಿಯ ಕಮರಿಗಳನ್ನೂ ಮೂಲನಿವಾಸಿಗಳ ತಾಣಗಳನ್ನೂ ಒಂದೇ ದಿನದಲ್ಲಿ ತೋರಿಸುವ ಟೂರ್ ಹಿಡಿಯಬೇಕು ಅಂತ ಬರೆದಿದ್ದೀಯ. ನೀನು ಕಳಿಸಿದ ಪಟ್ಟಿ ನೋಡಿದೆ. ಸಿಂಪ್ಸನ್ಸ್ ಗ್ಯಾಪ್, ಸ್ಟ್ಯಾಂಡ್ಲಿ ಕ್ಯಾಸಂ, ಎಲರಿ ಕ್ರೀಕ್, ಸರ್ಪೆಂಟೈನ್ ಗಾರ್ಜ್, ಓಕರ್ ಪಿಟ್ಸ್, ಆರ್ಮಿಸ್ಟನ್, ಗ್ಲೆನ್ ಹೆಲೆನ್. ಏಳು ಜಾಗ! ಚಳಿಗಾಲದಲ್ಲಿ ಅಲ್ಲಿ ಬೆಳಕಿರುವುದು ಹೆಚ್ಚುಕಡಿಮೆ ಹನ್ನೊಂದು ಗಂಟೆ. ಅದರಲ್ಲಿ ಬಸ್ಸು ಹತ್ತಿ ಇಳಿಯುವುದಕ್ಕೇ ಅರ್ಧ ಹೋಗುತ್ತದೆ. ಸಂಜೆ ಹೊತ್ತಿಗೆ ಅಮ್ಮನಿಗೆ ಎಲ್ಲ ಕೆಂಪು ಗೋಡೆಗಳೂ ಒಂದೇ ಥರ ಕಾಣುತ್ತವೆ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಆ ದೊಡ್ಡ ಕೆಂಪು ಬಂಡೆ ಉಲುರು ಆಲಿಸ್ ಸ್ಪ್ರಿಂಗ್ಸಿನ ಪಕ್ಕದಲ್ಲಿಲ್ಲ. ರಸ್ತೆಯಲ್ಲಿ 450 ಕಿ.ಮೀ. ಆಚೆ, ಐದು ಗಂಟೆ ಪಯಣ. ಅದಕ್ಕೆ ಬೇರೆಯೇ ದಿನ ಇಟ್ಟುಕೋ. ಇಲ್ಲಿ ಬರೆಯುತ್ತಿರುವುದು ಆಲಿಸ್ ಸ್ಪ್ರಿಂಗ್ಸ್ ಊರಿನಿಂದ ಪಶ್ಚಿಮಕ್ಕೆ ಹೋಗುವ ಮ್ಯಾಕ್‌ಡೊನೆಲ್ ಬೆಟ್ಟಸಾಲಿನ ಬಗ್ಗೆ. ಅದು ಅರಂಡ ಎಂಬ ಮೂಲನಿವಾಸಿಗಳ ನೆಲ, ಅವರ ಬಾಯಲ್ಲಿ ಚೂರಿಟ್ಜಾ. ಆಲಿಸ್ ಸ್ಪ್ರಿಂಗ್ಸಿಗೆ ಅವರ ಹೆಸರು ಎಂಬಾಣ್ಟ್ವ. ಇಂಗ್ಲಿಷ್ ಬೋರ್ಡಿನಲ್ಲಿ ಈ ಹೆಸರುಗಳನ್ನು ನೋಡಿದರೆ ನಾಲಿಗೆ ತೊಡರುತ್ತದೆ, ಆದರೆ ಕನ್ನಡದ ಬಾಯಿಗೆ ಅಷ್ಟು ಕಷ್ಟವಿಲ್ಲ. ನಮ್ಮ ಟ, ಣ, ಳಗಳಂಥ ಮೂರ್ಧನ್ಯ ಧ್ವನಿಗಳು ಆ ಭಾಷೆಯಲ್ಲೂ ಇವೆ. ರೋಮನ್ ಲಿಪಿಯಲ್ಲಿ ಅವಕ್ಕೆ ಅಕ್ಷರವಿಲ್ಲದ್ದರಿಂದ ಟಿ, ಎನ್, ಎಲ್‌ಗಳ ಮೊದಲು ಒಂದು 'ಆರ್' ಸೇರಿಸಿ ಬರೆಯುತ್ತಾರೆ. ಅದನ್ನು ಬಿಡಿಸಿ ರೇಫದಂತೆ ಓದಬೇಡ, ನಾಲಿಗೆ ಮೇಲಕ್ಕೆ ಮಡಚಿ ಹೇಳು. ಗೈಡ್ ತಿರುಗಿ ನೋಡುತ್ತಾರೆ.

ಕಮರಿ ಅಂದರೆ ಅಲ್ಲಿ ಏನು ಅಂತ ತಿಳಿದಿದ್ದರೆ ನೋಡುವ ಕಣ್ಣು ಬದಲಾಗುತ್ತದೆ. ಬೆಟ್ಟಸಾಲು ಪೂರ್ವ-ಪಶ್ಚಿಮಕ್ಕೆ ಚಾಚಿದೆ, ಹೊಳೆಗಳು ದಕ್ಷಿಣಕ್ಕೆ ಹರಿಯುತ್ತವೆ. ಹೊಳೆ ಕ್ವಾರ್ಟ್‌ಜೈಟ್ ಎಂಬ ಗಟ್ಟಿ ಕಲ್ಲಿನ ದಿಣ್ಣೆಯನ್ನು ಅಡ್ಡ ಕೊಯ್ದ ಜಾಗವೇ ಗ್ಯಾಪ್ ಅಥವಾ ಗಾರ್ಜ್. ವರ್ಷಕ್ಕೆ ಬೀಳುವ ಮಳೆ ಸುಮಾರು 280 ಮಿ.ಮೀ., ಹಾಗಾಗಿ ಹೊಳೆ ಅಂದರೆ ಬಹುಪಾಲು ಬರೀ ಮರಳು, ನೀರಿರುವುದು ಅದರ ಅಡಿಯಲ್ಲಿ. ಕಮರಿಯೊಳಗೆ ಮಾತ್ರ ಗೋಡೆಯ ನೆರಳು ಬಿಸಿಲನ್ನು ತಡೆಯುವುದರಿಂದ ಮಡುಗಳು ಉಳಿದುಕೊಳ್ಳುತ್ತವೆ. ಬರಗಾಲದಲ್ಲಿ ಪ್ರಾಣಿ, ಮನುಷ್ಯ ಎಲ್ಲರೂ ಬಂದು ಸೇರುತ್ತಿದ್ದದ್ದು ಅಲ್ಲಿಗೇ. ನೀರು ನಿಲ್ಲುವ ಜಾಗಕ್ಕೂ ಪವಿತ್ರ ತಾಣಕ್ಕೂ ಇರುವ ನಂಟು ಅಷ್ಟು ಹತ್ತಿರದ್ದು.

ನಾಲ್ಕು ಅಂದೆನಲ್ಲ, ಅವು ಸಿಂಪ್ಸನ್ಸ್ ಗ್ಯಾಪ್, ಸ್ಟ್ಯಾಂಡ್ಲಿ, ಓಕರ್ ಪಿಟ್ಸ್, ಆರ್ಮಿಸ್ಟನ್. ಈ ಕ್ರಮವನ್ನು ಗೊತ್ತುಮಾಡುವುದು ಸೂರ್ಯ.

ಜುಲೈಯಲ್ಲಿ ಬೆಳಗಾಗುವುದು ಏಳೂಕಾಲಿಗೆ. ಆಗಲೇ ಹೊರಡು. ಸಿಂಪ್ಸನ್ಸ್ ಗ್ಯಾಪ್ ಊರಿಂದ 18 ಕಿ.ಮೀ., ಎಂಟರೊಳಗೆ ಅಲ್ಲಿರಬೇಕು. ಕಾಂಗರೂವಿನ ಬಳಗದ, ಕಪ್ಪು ಪಾದದ ಪುಟ್ಟ ಬಂಡೆ-ವಾಲಬಿಗಳು ಬಿಸಿಲು ಕಾಯಿಸಲು ಬಂಡೆರಾಶಿಯ ಮೇಲೆ ಬಂದು ಕೂರುವುದು ಬೆಳಗ್ಗೆ ಮತ್ತು ಸಂಜೆ ಮಾತ್ರ. ಹತ್ತು ಗಂಟೆಗೆ ಬರುವ ಬಸ್ಸಿನವರಿಗೆ ಬರೀ ಕಲ್ಲು ಕಾಣುತ್ತದೆ. ಮರಳಿನ ಮೇಲೆ ನಿಂತು ಬಂಡೆರಾಶಿಯ ಒಂದೇ ಕಡೆ ಐದು ನಿಮಿಷ ಅಲ್ಲಾಡದೆ ನೋಡು, ಕಲ್ಲೊಂದು ಕಿವಿ ಅಲ್ಲಾಡಿಸುತ್ತದೆ. ಅವಕ್ಕೆ ತಿನಿಸು ಹಾಕಬಾರದು. ಇಲ್ಲಿಯ ಮಡುವಿಗೆ ಇಳಿಯುವಂತೆಯೂ ಇಲ್ಲ. ಅರಂಡರಿಗೆ ಇದು ರುಂಗುಟ್ಜಿರ್ಪ, ಹಿರಿಯ ಗೋವಾನಾಗಳ ಮನೆ. ಗೋವಾನಾ ಅಂದರೆ ನಮ್ಮ ಉಡದ ಬಳಗ, ಅಪ್ಪನಿಗೆ ಹಾಗೆ ಹೇಳಿದರೆ ಸಾಕು. ಬಿಳಿ ತೊಗಟೆಯ ಘೋಸ್ಟ್ ಗಮ್ ಮರಗಳನ್ನೂ ಇಲ್ಲೇ ತೋರಿಸು. ನೀಲಗಿರಿಯ ಹತ್ತಿರದ ನೆಂಟ, ಆದರೆ ನಮ್ಮ ಬಯಲುಸೀಮೆಯ ತೋಪುಗಳಲ್ಲಿ ಸಾಲುಗಟ್ಟಿ ನಿಲ್ಲಿಸಿದ ನೀಲಗಿರಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಸ್ಟ್ಯಾಂಡ್ಲಿ ಕ್ಯಾಸಂ ವಿಷಯದಲ್ಲಿ ಹೆಚ್ಚಿನ ಟೂರುಗಳು ಎಡವುತ್ತವೆ. ಊರಿಂದ 50 ಕಿ.ಮೀ., ಸುಮಾರು 80 ಮೀಟರ್ ಎತ್ತರದ ಎರಡು ಗೋಡೆಗಳ ನಡುವಿನ ಕಿರಿದಾದ ಸೀಳು. ಗಟ್ಟಿ ಕ್ವಾರ್ಟ್‌ಜೈಟಿನ ನಡುವೆ ನೆಟ್ಟಗೆ ನುಗ್ಗಿ ನಿಂತಿದ್ದ ಡಾಲರೈಟ್ ಕಲ್ಲು ಬೇಗ ಸವೆದು ಕೊಚ್ಚಿಹೋಗಿ ಈ ಸೀಳು ಉಳಿಯಿತು. ಬಿಸಿಲು ಒಳಗೆ ಬೀಳುವುದು ನಡುಮಧ್ಯಾಹ್ನ ಸ್ವಲ್ಪ ಹೊತ್ತು. ಆಗ ಒಂದು ಗೋಡೆಗೆ ತಾಗಿದ ಬೆಳಕು ಎದುರಿನದಕ್ಕೆ ಚಿಮ್ಮಿ ಎರಡೂ ಕೆಂಡದಂತಾಗುತ್ತವೆ. ಹತ್ತಕ್ಕೆ ಹೋದರೆ ಕಂದು ಕತ್ತಲು. ಗಡಿಯಾರದ ಹನ್ನೆರಡನ್ನು ನಂಬಬೇಡ. ಆಲಿಸ್ ಸ್ಪ್ರಿಂಗ್ಸ್ ತನ್ನ ಕಾಲವಲಯದ ಪಶ್ಚಿಮಕ್ಕೆ ಬಹಳ ಸರಿದಿರುವುದರಿಂದ ಸೂರ್ಯ ನಡುವಿಗೆ ಬರುವುದು ಹನ್ನೆರಡೂವರೆ ದಾಟಿದ ಮೇಲೆ. 12ರಿಂದ 12:45ರವರೆಗೆ ಸೀಳಿನೊಳಗೇ ಇರುವಂತೆ ನೋಡಿಕೋ. ಗುಂಪೂ ಆಗಲೇ ಇರುತ್ತದೆ, ಅದನ್ನು ಸಹಿಸಿಕೋ. ಬಂಡಿ ನಿಲ್ಲಿಸುವಲ್ಲಿಂದ ತೊರೆಯ ಪಕ್ಕದಲ್ಲಿ 15-20 ನಿಮಿಷದ ನಡಿಗೆ, ಅಮ್ಮನಿಗೆ ಅರ್ಧ ಗಂಟೆ ಲೆಕ್ಕ ಹಾಕು. ಕೊನೆಯ ಭಾಗದಲ್ಲಿ ಉರುಟು ಕಲ್ಲುಗಳಿವೆ, ಕಾಲಡಿ ಹೊರಳುತ್ತವೆ. ಚಪ್ಪಲಿ ಖಂಡಿತ ಬೇಡ, ಹಿಡಿತವಿರುವ ಶೂ ಬೇಕು. ದಾರಿಯಲ್ಲಿ ತಾಳೆಯ ಸಸಿಯಂತೆ ಕಾಣುವ ಸೈಕಾಡ್‌ಗಳಿವೆ. ಈ ನಾಡಿನಲ್ಲಿ ಹೆಚ್ಚು ನೀರಿದ್ದ ಕಾಲದಿಂದ ಕಮರಿಗಳ ನೆರಳಲ್ಲಿ ಉಳಿದುಕೊಂಡು ಬಂದವು. ಬೀಜ ವಿಷ.

ಈ ಜಾಗದ ಅರಂಡ ಹೆಸರು ಅಂಗರ್ಲ ಅಟ್ವಾಟ್ಯ, ನೀರಿನ ಕಂಡಿ ಎಂದರ್ಥ. ಈಗಿನ ಇಂಗ್ಲಿಷ್ ಹೆಸರು ಆಲಿಸ್ ಸ್ಪ್ರಿಂಗ್ಸಿನ ಮೊದಲ ಶಾಲಾ ಶಿಕ್ಷಕಿ ಐಡಾ ಸ್ಟ್ಯಾಂಡ್ಲಿ ಅವರದು. ಸರಕಾರಿ ಉದ್ಯಾನದೊಳಗೆ ಸೇರದ, ಅರಂಡರದೇ ಒಡೆತನದ ನೆಲ ಇದು, ಆದ್ದರಿಂದ ಪ್ರವೇಶ ಶುಲ್ಕ ಬೇರೆ. ಆಲಿಸ್ ಸ್ಪ್ರಿಂಗ್ಸ್ ಇರುವ ಉತ್ತರ ಪ್ರಾಂತ್ಯದ (ನಾರ್ದರ್ನ್ ಟೆರಿಟರಿ) ಉದ್ಯಾನಗಳಿಗೆ 2023ರಿಂದ ಹೊರಗಿನವರು ಪಾರ್ಕ್ಸ್ ಪಾಸ್ ತೆಗೆದುಕೊಳ್ಳಬೇಕು. ಮೆಲ್ಬರ್ನಿನವನಾದ ನೀನೂ ಹೊರಗಿನವನೇ. ಸಿಂಪ್ಸನ್ಸ್ ಗ್ಯಾಪಿಗೂ ಆರ್ಮಿಸ್ಟನ್‌ಗೂ ಆ ಪಾಸ್ ಸಾಕು, ಸ್ಟ್ಯಾಂಡ್ಲಿಗೆ ನಡೆಯುವುದಿಲ್ಲ. ಟೂರಿನ ದರದಲ್ಲಿ ಈ ಎರಡೂ ಸೇರಿವೆಯೇ ಅಂತ ಬಿಡಿಬಿಡಿಯಾಗಿ ಕೇಳು. 'ಎಲ್ಲಾ ಸೇರಿದೆ' ಅನ್ನುವ ಉತ್ತರದಿಂದ ತೃಪ್ತನಾಗಬೇಡ. ಪಾಸನ್ನು ಆಲಿಸ್ ಸ್ಪ್ರಿಂಗ್ಸ್ ಬಿಡುವ ಮೊದಲೇ ಆನ್‌ಲೈನಿನಲ್ಲಿ ತೆಗೆದುಕೋ, ಮುಂದೆ ಸಿಗ್ನಲ್ ಹೆಸರಿಗಷ್ಟೇ.

ಒಂಬತ್ತೂವರೆಯಿಂದ ಹನ್ನೆರಡರವರೆಗೆ ಏನು ಮಾಡುವುದು ಅಂತ ನೀನು ಕೇಳುತ್ತೀಯ. ಸ್ಟ್ಯಾಂಡ್ಲಿಗೆ ಹತ್ತೂವರೆಗೆ ಹೋಗಿ ಕೂತು ಟೀ ಕುಡಿ. ಅರಂಡ ಗೈಡ್‌ಗಳ ಮಾತು, ಕಾಡಿನ ಔಷಧಿ, ಆಹಾರದ ಪರಿಚಯ ಅಲ್ಲಿ ಮೊದಲೇ ಬುಕ್ ಮಾಡಿದರೆ ಸಿಗುತ್ತದೆ. ಇಡೀ ದಿನದಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಈ ಒಂದೂವರೆ ಗಂಟೆಗೆ.

ಇಲ್ಲಿ ಅಪ್ಪನಿಗೆ ಒಂದು ಮಾತು ಮೊದಲೇ ಹೇಳಿಟ್ಟಿರು. ಅವರು ಪ್ರಶ್ನೆ ಕೇಳುವವರು. ಗೈಡ್ ಒಂದು ಕಡೆ ಕಥೆ ನಿಲ್ಲಿಸಿ 'ಇಷ್ಟೇ' ಅಂದರೆ, ಅದು ಮರೆವೂ ಅಲ್ಲ, ಸಸಾರವೂ ಅಲ್ಲ. ಅರಂಡರಲ್ಲಿ ತಿಳಿವಳಿಕೆಗೂ ನೆಲದ ಹಾಗೆ ಹಕ್ಕುದಾರರಿದ್ದಾರೆ. ತಂದೆಯ ಕಡೆಯಿಂದ ಒಂದು ನೆಲಕ್ಕೆ ಒಡೆಯರಾದವರು ಒಂದು ಬಳಗ, ತಾಯಿಯ ಕಡೆಯಿಂದ ಆ ನೆಲದ ಕಟ್ಟಳೆ ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡಿಕೊಳ್ಳುವವರು ಇನ್ನೊಂದು ಬಳಗ. ಎರಡನೆಯವರಿಗೆ ಕ್ವರ್ಟೆಂಗರ್ಲ ಅನ್ನುತ್ತಾರೆ. ಕೆಲವು ಗಂಡಸರ ವಿಷಯ, ಕೆಲವು ಹೆಂಗಸರದು. ಪಕ್ಕದ ನೆಲದ ಕಥೆಯನ್ನು ಅಲ್ಲಿಯವರ ಅನುಮತಿಯಿಲ್ಲದೆ ಹೇಳುವುದು ತಪ್ಪು. ಟೂರ್ ಆರಿಸುವಾಗ ಇದನ್ನೇ ಅಳತೆಗೋಲು ಮಾಡಿಕೋ. ಎಲ್ಲ ತಾಣದಲ್ಲೂ ಎಲ್ಲ ಕಥೆಯನ್ನೂ ನಿರರ್ಗಳ ಒಪ್ಪಿಸುವ ಹೊರಗಿನ ಡ್ರೈವರ್‌ಗಿಂತ, ಎರಡೇ ಜಾಗದಲ್ಲಿ ಬಾಯಿಬಿಡುವ ಅರಂಡ ಗೈಡ್ ಮೇಲು.

ಒಂದೂಕಾಲಿಗೆ ಅಲ್ಲಿಂದ ಹೊರಡು. ಮುಖ್ಯ ರಸ್ತೆಗೆ ಬಂದು ಸ್ವಲ್ಪ ದೂರದಲ್ಲಿ ದಾರಿ ಕವಲಾಗುತ್ತದೆ. ಬಲಕ್ಕೆ ತಿರುಗಿದರೆ ನಮಾಟ್ಜಿರ ಡ್ರೈವ್. ನೇರ ಹೋದರೆ ಹರ್ಮನ್ಸ್‌ಬರ್ಗ್, ಚಿತ್ರಕಾರ ಆಲ್ಬರ್ಟ್ ನಮಾಟ್ಜಿರ 1902ರಲ್ಲಿ ಹುಟ್ಟಿದ ಮಿಷನ್ ಊರು. ಈ ಬೆಟ್ಟಗಳ ನೇರಳೆ, ಈ ಬಿಳಿ ಮರಗಳು ಆತನ ಜಲವರ್ಣದಿಂದಲೇ ಜಗತ್ತಿಗೆ ಪರಿಚಯ. ಆತನ ಚಿತ್ರಗಳ ಕಾಪಿರೈಟನ್ನು ಸರಕಾರದ ಟ್ರಸ್ಟಿ 1983ರಲ್ಲಿ 8,500 ಡಾಲರಿಗೆ ಮಾರಿಬಿಟ್ಟಿದ್ದರು. ಕುಟುಂಬಕ್ಕೆ ಅದು ಮರಳಿದ್ದು 2017ರಲ್ಲಿ.

ಓಕರ್ ಪಿಟ್ಸ್ ಊರಿಂದ 110 ಕಿ.ಮೀ. ಅರ್ಧ ಗಂಟೆ ಸಾಕು, ಆದರೆ ಬಿಡಬೇಡ. ಮರಳುಹೊಳೆಯ ದಂಡೆಯಲ್ಲಿ ಬಿಳಿ, ಹಳದಿ, ಕೆಂಪು, ಕಂದು ಪದರಗಳು ನೆಟ್ಟಗೆ ನಿಂತಿವೆ. ಅಮ್ಮನಿಗೆ ವಿವರಣೆಯೇ ಬೇಕಿಲ್ಲ, ಹೊಸಿಲಿಗೆ ಬಳಿಯುವ ಕೆಮ್ಮಣ್ಣೇ ಇದು. ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್, ಅದಕ್ಕೆ ನೀರಿನಂಶ ಸೇರಿದರೆ ಹಳದಿ. ಅರಂಡರು ತಲೆತಲಾಂತರದಿಂದ ಇಲ್ಲಿಂದ ಬಣ್ಣ ತೆಗೆದು ಆಚರಣೆಗೆ, ಔಷಧಿಗೆ ಬಳಸುತ್ತ, ದೂರದವರೊಡನೆ ವಿನಿಮಯ ಮಾಡುತ್ತ ಬಂದಿದ್ದಾರೆ. ಚಿಟಿಕೆ ಮಣ್ಣನ್ನೂ ತರುವಂತಿಲ್ಲ, ಗೋಡೆಗೆ ಬೆರಳು ಉಜ್ಜಿ ಕೆನ್ನೆಗೆ ಹಚ್ಚಿಕೊಂಡು ಫೋಟೋ ತೆಗೆಯುವಂತೆಯೂ ಇಲ್ಲ. ದೊಡ್ಡ ದಂಡವಿದೆ. ದಂಡ ಇಲ್ಲದಿದ್ದರೂ ಮುಟ್ಟಬಾರದು, ಮೆತ್ತನೆಯ ಕಲ್ಲು, ಪ್ರತಿ ಬೆರಳಿಗೂ ಉದುರುತ್ತದೆ.

ಮೂರರ ಒಳಗೆ ಆರ್ಮಿಸ್ಟನ್ ಸೇರಿದರೆ ಗೋಡೆಗಳಿಗೆ ಇಳಿಬಿಸಿಲು ಸಿಗುತ್ತದೆ. ಊರಿಂದ 135 ಕಿ.ಮೀ., ಅರಂಡ ಹೆಸರು ಕ್ವಾರ್ಟಟುಮ. ಇಲ್ಲಿ ಗೋಡೆ ಅಷ್ಟು ಎತ್ತರವಾದದ್ದಕ್ಕೆ ಕಾರಣವಿದೆ: ಭೂಮಿ ನಲುಗಿದಾಗ ಕ್ವಾರ್ಟ್‌ಜೈಟಿನ ಒಂದು ಹಾಸು ಇನ್ನೊಂದರ ಮೇಲೆ ಹತ್ತಿ ಕೂತಿದೆ. ಮಡುವಿಗೆ ಹತ್ತು ನಿಮಿಷದ ದಾರಿ. ಘೋಸ್ಟ್ ಗಮ್ ವಾಕ್ ಅಂತ ಎರಡೂವರೆ ಕಿ.ಮೀ. ಸುತ್ತು ಇದೆ, ಒಂದೂವರೆ ಗಂಟೆ, ಮೆಟ್ಟಿಲೂ ಬಂಡೆಯೂ ಹತ್ತಬೇಕು. ಅದು ನಿನಗೆ, ಅವರಿಗಲ್ಲ. ಅವರು ಮಡುವಿನ ದಂಡೆಯಲ್ಲಿ ಕೂರಲಿ.

ನೀರಿಗಿಳಿಯುವ ಆಸೆ ನಿನಗಿದ್ದರೆ ಕೇಳು. ಇಲ್ಲಿ ಈಜಬಹುದು, ಆದರೆ ಕಮರಿಯ ಮಡು ಮೋಸ ಮಾಡುತ್ತದೆ. ಬಿಸಿಲು ಕಾಯಿಸುವುದು ಮೇಲಿನ ತೆಳು ಪದರವನ್ನಷ್ಟೇ, ಅದರಡಿ ಬೇಸಿಗೆಯಲ್ಲೂ ಐಸಿನಂತೆ ಕೊರೆಯುತ್ತದೆ. ಬಂಡೆಯಿಂದ ಧುಮುಕಿದರೆ ಉಸಿರು ಗಕ್ಕನೆ ಸೆಳೆದುಕೊಂಡು ನೀರೇ ಒಳಗೆ ಹೋಗುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ. ಲೈಫ್‌ಗಾರ್ಡ್ ಇಲ್ಲ. ಮಡುವಿನ ಒಂದು ತುದಿ ಹದಿನಾಲ್ಕು ಮೀಟರಿನಷ್ಟು ಆಳ. ನಡೆದುಕೊಂಡೇ ಇಳಿ, ತೇಲುವ ಫೋಮ್ ಕೊಳವೆ ಒಂದಿರಲಿ. ಜುಲೈಯಲ್ಲಂತೂ ನನ್ನ ಮಾತು: ಕಾಲು ಅದ್ದಿ ಎದ್ದು ಬಾ. ಹೊಸ ನೀರು ಹರಿದು ಬರದ ಮಡುವಿಗೆ ಸನ್‌ಸ್ಕ್ರೀನ್ ಬಳಿದ ಮೈ ಹೊತ್ತು ಇಳಿಯುವುದೂ ಒಳ್ಳೆಯದಲ್ಲ.

ನಾಲ್ಕೂಕಾಲಿಗೆ ಎದ್ದುಬಿಡಿ. ಸೂರ್ಯ ಮುಳುಗುವುದು ಆರರ ಸುಮಾರಿಗೆ, ಕತ್ತಲಾದ ಮೇಲೆ ಕಾಂಗರೂ, ದನ ರಸ್ತೆಗೆ ಬರುತ್ತವೆ. ಸ್ವಂತವಾಗಿ ಬಾಡಿಗೆ ಕಾರಲ್ಲಿ ಹೋಗುವುದಾದರೆ ಕರಾರು ಓದು. ಕತ್ತಲಲ್ಲಿ ಊರಾಚೆ ಓಡಿಸಿದರೆ, ಮಣ್ಣುರಸ್ತೆಗೆ ಇಳಿಸಿದರೆ ವಿಮೆ ಇಲ್ಲ ಅನ್ನುವ ಷರತ್ತು ಅಲ್ಲಿ ಮಾಮೂಲು. ಆರ್ಮಿಸ್ಟನ್‌ವರೆಗೆ ಟಾರು ರಸ್ತೆಯೇ.

ಸಾಮಾನು: ತಲೆಗೆ ಕನಿಷ್ಠ ಮೂರು ಲೀಟರ್ ನೀರು, ಬೇಸಿಗೆಯಾದರೆ ನಡಿಗೆಯ ಪ್ರತಿ ಗಂಟೆಗೆ ಒಂದು ಲೀಟರ್. ಜುಲೈ ಬೆಳಗ್ಗೆ 4 ಡಿಗ್ರಿ, ಮಧ್ಯಾಹ್ನ 20. ಆದ್ದರಿಂದ ಒಂದು ದಪ್ಪ ಕೋಟಿಗಿಂತ ಕಳಚಬಹುದಾದ ಮೂರು ಪದರ ಮೇಲು. ಸೊಳ್ಳೆಪರದೆಯಂಥ ನೊಣದ ಬಲೆಯನ್ನು ಟೋಪಿಯ ಮೇಲೆ ಹಾಕಿಕೊಳ್ಳಬೇಕು, ಚಳಿಗಾಲದಲ್ಲಿ ನೊಣ ಕಡಿಮೆ, ಆದರೂ ಇರಲಿ. 'ಸಸ್ಯಾಹಾರ' ಅಂದರೆ ಟೂರಿನವರ ಡಬ್ಬಿಯಲ್ಲಿ ಮೊಟ್ಟೆ ಬರಬಹುದು. ಚಿತ್ರಾನ್ನವನ್ನೋ ಚಪಾತಿ-ಚಟ್ನಿಪುಡಿಯನ್ನೋ ಕಟ್ಟಿಕೊಂಡು ಹೋಗು, ಮೊಸರನ್ನ ಬಸ್ಸಿನ ಬಿಸಿಗೆ ಹುಳಿಯಾಗುತ್ತದೆ.

ಮರುದಿನ ಬೆಳಗ್ಗೆ ಎರಡು ಗಂಟೆ ಬಿಡುವಿದ್ದರೆ ಪೂರ್ವಕ್ಕೆ ಹತ್ತು ಕಿ.ಮೀ. ದೂರದ ಎಮಿಲಿ ಗ್ಯಾಪಿಗೆ ಹೋಗು. ಅರಂಡರ ಪ್ರಕಾರ ಎಂಬಾಣ್ಟ್ವದ ಬೆಟ್ಟಗಳನ್ನು ಮಾಡಿದ್ದು ಹಿರಿಯ ಕಂಬಳಿಹುಳುಗಳು, ಅದರಲ್ಲಿ ಮುಖ್ಯವಾದದ್ದು ಯೆಪರೆನ್ಯ. ನಮ್ಮ ಪುನರ್ನವದ ಕುಲಕ್ಕೇ ಸೇರಿದ ಬಳ್ಳಿಯನ್ನು ತಿನ್ನುವ ಹುಳು, ಹೆಸರಿನ ಅರ್ಥವೂ 'ಆ ಬಳ್ಳಿಯದು' ಎಂದೇ. ಬಂಡೆಯ ಮೇಲಿನ ಕೆಂಪು-ಬಿಳಿ ಪಟ್ಟೆಗಳು ಆ ಹಿರಿಯ ಕಂಬಳಿಹುಳುಗಳವು. ಫೋಟೋ ತೆಗೆಯುವ ಮೊದಲು ಬೋರ್ಡು ಓದು. ಮಳೆ ಬಂದಿದ್ದರೆ ಚಿತ್ರದ ಗೋಡೆಗೆ ನೀರಲ್ಲಿ ದಾಟಬೇಕಾಗುತ್ತದೆ, ಅಮ್ಮ ಈಚೆ ದಡದಲ್ಲೇ ಇರಲಿ. ವಾಪಸು ಬರುವಾಗ ಊರೊಳಗಿನ ಬ್ಯಾರೆಟ್ ಡ್ರೈವಿನಲ್ಲಿ ಕಾರು ನಿಧಾನ ಮಾಡು. ಅಲ್ಲಿಯ ತಗ್ಗು ದಿಣ್ಣೆ ಇನ್ನೊಂದು ಕಂಬಳಿಹುಳು, 1983ರಲ್ಲಿ ರಸ್ತೆಗಾಗಿ ಅದರ ಬಾಲ ಕಡಿದುಹಾಕಿದರು. ಊರವರು ಆ ರಸ್ತೆಗೆ 'ಮಾತು ಮುರಿದ ರಸ್ತೆ' ಎಂದು ಹೆಸರಿಟ್ಟರು.

ಬುಕ್ ಮಾಡುವ ಮೊದಲು ಟೂರಿನವರ ವೇಳಾಪಟ್ಟಿ ಕಳಿಸು. ಸ್ಟ್ಯಾಂಡ್ಲಿಗೆ ಎಷ್ಟು ಗಂಟೆಗೆ ಅಂತ ನೋಡಿದರೆ ಉಳಿದದ್ದು ಗೊತ್ತಾಗುತ್ತದೆ.

ಇತಿ ನಿನ್ನ ಗೆಳೆಯ